ಕಂಕುಳ ಕೆಳಗಿನ ಉಂಡೆಗಳು

ಸ್ವೆಟರಿನ ಮೇಲೆ ಜುಂಗಿನ ಉಂಡೆ ಎದ್ದರೆ ಮಾಲೇ ಸರಿಯಿಲ್ಲ ಅಂತ ಅಂಗಡಿಯವನನ್ನು ಬೈಯುವವರೇ ಜಾಸ್ತಿ. ಎಲ್ಲಿ ಎದ್ದಿದೆ ನೋಡಿ: ಕಂಕುಳಲ್ಲಿ, ಬ್ಯಾಗು ತಾಗುವ ಪಕ್ಕೆಯಲ್ಲಿ, ಮೇಜಿಗೆ ಒರಗುವ ಮುಂಗೈಯಲ್ಲಿ. ಉಜ್ಜಾಟ ಇದ್ದಲ್ಲೆಲ್ಲ ಗಿಡ್ಡ ಎಳೆಗಳು ಹೊರಬಂದು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಮೆತ್ತನೆಯ ಉಣ್ಣೆಗೆ ಈ ಕಾಟ ಇನ್ನೂ ಹೆಚ್ಚು. ಅಪ್ಪಟ ಉಣ್ಣೆಯಾದರೆ ಉಂಡೆ ಬರಬರುತ್ತಾ ತಾನೇ ಉದುರೀತು. ಅಕ್ರಿಲಿಕ್ ಬೆರಕೆಯ ಎಳೆ ಗಟ್ಟಿ, ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಚಳಿಗಾಲದಲ್ಲಿ ಟಿಬೆಟನ್ನರ ಮಳಿಗೆಗೆ ಹೋದಾಗ ಮೊದಲು ಒಳಗಿನ ಲೇಬಲ್ ಓದಿ, ಚೌಕಾಸಿ ಆಮೇಲೆ.

ಉಂಡೆಯನ್ನು ಕೈಯಲ್ಲಿ ಕಿತ್ತರೆ ಜೊತೆಗೆ ಇನ್ನಷ್ಟು ಎಳೆ ಹೊರಬರುತ್ತದೆ. ಮೇಜಿನ ಮೇಲೆ ಹಾಸಿ, ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಜುಂಗು ತೆಗೆಯುವ ಬ್ಯಾಟರಿ ಶೇವರನ್ನು ಹಗುರವಾಗಿ ಆಡಿಸಿ. ಒಗೆಯುವಾಗ ಒಳಗಡೆ ಹೊರಗೆ ಮಾಡಿ. ತಣ್ಣೀರು, ಒಂಚೂರು ಶಾಂಪೂ ಸಾಕು. ಹಿಂಡಬೇಡಿ, ಟವಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ. ಒದ್ದೆಯದನ್ನು ತಂತಿಗೆ ನೇತುಹಾಕಿದಿರೋ, ಮಗನ ಸ್ವೆಟರ್ ಅಪ್ಪನಿಗಾಗುತ್ತದೆ!

ಹಾಂ, ಬೇಸಿಗೆಗೆ ಎತ್ತಿಡುವ ಮುಂಚೆ ಒಗೆದೇ ಇಡಿ, ಬರೀ ನುಸಿಗುಳಿಗೆ ನಂಬಿ ಕೂರಬೇಡಿ. ಬೆವರು, ಸಾರಿನ ಕಲೆ ಇದ್ದ ಕಡೆಯೇ ಹುಳ ಮೊದಲು ಬಾಯಿ ಹಾಕುವುದು.