ಉಣಿಸಿದ ಕೈಗೆ ಶರಣು



ಚೊಚ್ಚಲು ಬಸುರಿಯಾದ ಮಗಳನ್ನು ತವರಿಗೆ ಕರೆತಂದು, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಅವಳ ಬಯಕೆಯನ್ನು ಕೇಳಿ ಕೇಳಿ ಉಣಿಸುವುದು ನಮ್ಮ ನಾಡಿನ ತಾಯಂದಿರ ಪಾಲಿಗೆ ಬರಿಯ ಸಂಪ್ರದಾಯವಲ್ಲ. ಅದೊಂದು ಹಕ್ಕು, ಅದೊಂದು ಸಂತೋಷ. ಆ ಹಕ್ಕು ಕೈತಪ್ಪಿದಾಗ ತಾಯಿಯ ಮನಸ್ಸು ಎಷ್ಟು ಸಣ್ಣದಾಗಬಲ್ಲದೆಂಬುದನ್ನು ನಾನು ನನ್ನ ಅನುಭವದಿಂದಲೇ ಅರಿತೆನು. ಇಂದು ನಮ್ಮ ಭಾಗದ ಅನೇಕ ಮನೆಗಳ ಮಕ್ಕಳು ಸಮುದ್ರದಾಚೆ ನೆಲೆಸಿದ್ದಾರೆ. ಅವರ ತಂದೆತಾಯಿಗಳಿಗೆ ಒಂದಿಷ್ಟು ಪ್ರಯೋಜನವಾದೀತೆಂಬ ಭಾವನೆಯಿಂದ ನನ್ನ ತಪ್ಪೊಂದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ನಾನು ಸಿಂಧನೂರಿನಲ್ಲಿ ವಾಸವಾಗಿರುವ ನಿವೃತ್ತ ಶಿಕ್ಷಕಿ. ಪತಿಯವರು ಲಿಂಗೈಕ್ಯರಾಗಿ ಹಲವು ವರ್ಷಗಳಾದವು. ಇರುವವಳು ಒಬ್ಬಳೇ ಮಗಳು. ಅಳಿಯಂದಿರ ಉದ್ಯೋಗದ ನಿಮಿತ್ತ ಅವರಿಬ್ಬರೂ ಪೋರ್ಚುಗಲ್ ದೇಶದ ರಾಜಧಾನಿಯಾದ ಲಿಸ್ಬನ್ನಿನಲ್ಲಿ ಸಂಸಾರ ಹೂಡಿದ್ದಾರೆ. ೨೦೨೪ರ ಮಳೆಗಾಲದಲ್ಲಿ ಅವಳು ಬಸುರಿಯಾದ ಸುದ್ದಿ ಬಂದಿತು. ಹೆರಿಗೆ ಮುಂದಿನ ಫೆಬ್ರವರಿಯಲ್ಲಿ. ಅವಳನ್ನೇ ಊರಿಗೆ ಕರೆಸಿಕೊಳ್ಳೋಣವೆಂದರೆ ಅಷ್ಟು ದೂರದ ವಿಮಾನಪ್ರಯಾಣ ಬೇಡವೆಂದು ಅಲ್ಲಿಯ ವೈದ್ಯರು ಹೇಳಿದರು. ನಾನೇ ಹೋಗೋಣವೆಂದರೆ ವೀಸಾ ಕೈಗೆ ಬರಲಿಲ್ಲ. ಏಳನೆಯ ತಿಂಗಳು ಬಂದಿತು. ಕುಬುಸದ ಸೀರೆ ನನ್ನ ಪೆಟ್ಟಿಗೆಯಲ್ಲಿಯೇ ಉಳಿಯಿತು. ಎಂಟನೆಯ ತಿಂಗಳಿನಲ್ಲಿ ಗರ್ಭದೊಳಗಿನ ಶಿಶುವಿಗೆ ಗುರುಹಸ್ತದಿಂದ ಲಿಂಗಸಂಸ್ಕಾರವಾಗಬೇಕೆಂಬುದು ನಮ್ಮ ಮನೆತನದ ನಿಷ್ಠೆ. ಅದೂ ಆಗುವಂತಿರಲಿಲ್ಲ. ದಿನದಿನಕ್ಕೂ ನನ್ನ ಮನಸ್ಸು ಕಹಿಯಾಗುತ್ತ ಹೋಯಿತು.

ಹೀಗಿರುವಲ್ಲಿ ಡಿಸೆಂಬರ್ ೨೫ರಂದು ಮಗಳು ದೂರವಾಣಿಯ ಪರದೆಯ ಮೇಲೆ ಕಾಣಿಸಿಕೊಂಡಳು. ಹಣೆಯ ಮೇಲೆ ವಿಭೂತಿ ಇದ್ದಿತು, ಮುಖದಲ್ಲಿ ಕಳೆ ಇದ್ದಿತು. ಹಿಂದಿನ ರಾತ್ರಿ ಎದುರು ಮನೆಯ ಮುದುಕಿಯು ಅವರಿಬ್ಬರನ್ನೂ ಹಬ್ಬದ ಊಟಕ್ಕೆ ಕರೆದಿದ್ದಳಂತೆ. ಕ್ರಿಸ್ತ ಜಯಂತಿಯ ಹಿಂದಿನ ರಾತ್ರಿಯ ಆ ಊಟಕ್ಕೆ ಅವರು ಕೊನ್ಸೊಆದ ಎನ್ನುತ್ತಾರೆ. ಉಪ್ಪಿನಲ್ಲಿ ಒಣಗಿಸಿದ ಮೀನನ್ನು ನೆನೆಸಿ ಬೇಯಿಸಿ, ಬಟಾಟೆ ಮತ್ತು ಎಲೆಕೋಸಿನೊಡನೆ ಉಣ್ಣುವುದು ಅಂದಿನ ಪದ್ಧತಿ. ಆದರೆ ಇವರು ಮಾಂಸ ಮೀನು ಮುಟ್ಟುವವರಲ್ಲವೆಂದು ತಿಳಿದಿದ್ದ ಆ ಮುದುಕಿಯು ಬೇರೊಂದು ಪಾತ್ರೆಯಲ್ಲಿ ಬಟಾಟೆಯನ್ನೂ ಕೋಸನ್ನೂ ಬೇಯಿಸಿ, ಆಲಿವ್ ಎಣ್ಣೆ ಹಾಕಿ ಬಡಿಸಿದ್ದಳಂತೆ. ಅಕ್ಕಿ, ಹಾಲು, ಸಕ್ಕರೆಗಳಿಂದ ಪಾಯಸದಂತಹ ಸಿಹಿಯನ್ನು ಮಾಡಿ, ಮೊಟ್ಟೆ ಬಿಟ್ಟು, ಮೇಲೆ ದಾಲ್ಚಿನ್ನಿಯ ಪುಡಿಯಿಂದ ಗೆರೆ ಎಳೆದಿದ್ದಳಂತೆ. ಆ ಮನೆಯ ಮೂಲೆಯಲ್ಲಿ ಹಾವಸೆ ಹಾಸಿ, ದನಕರು, ಕುರಿ, ಕುರುಬರ ಗೊಂಬೆಗಳನ್ನು ಇಟ್ಟು, ನಡುವೆ ಒಂದು ಬರಿದಾದ ಗೋದಲಿಯನ್ನು ಇರಿಸಿದ್ದರು. ಮಧ್ಯರಾತ್ರಿಯಾದೊಡನೆ ಆಕೆ ಶಿಶುವಿನ ಗೊಂಬೆಯನ್ನು ತಂದು ಅದರಲ್ಲಿ ಮಲಗಿಸಿದಳೆಂದೂ, ಅದನ್ನು ಕಂಡು ತನಗೆ ಕಣ್ಣು ತುಂಬಿ ಬಂದಿತೆಂದೂ ಮಗಳು ಹೇಳಿದಳು. ಅನಂತರ ನಗುತ್ತ, “ಯವ್ವಾ, ಆಕಿನ್ನ ನಾನು ಅವೊ ಅಂತ ಕರೀತೀನಿ” ಎಂದಳು.

ನನಗೆ ಕೇಳಿಸಿದ್ದು ‘ಅವ್ವ’ ಎಂದು.

ಆ ಕ್ಷಣದಲ್ಲಿ ನನ್ನ ಬಾಯಿಂದ ಹೊರಟ ಮಾತುಗಳನ್ನು ಇಲ್ಲಿ ಪೂರ್ತಿಯಾಗಿ ಬರೆಯಲಾರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಮೀನು ಬೇಯಿಸಿದ ಮನೆಯ ಪಂಕ್ತಿಯಲ್ಲಿ ಕುಳಿತೆಯಾ ಎಂದೆನು. ಹೊಟ್ಟೆಯಲ್ಲಿರುವ ಕೂಸಿಗೆ ಇದೇ ಸಂಸ್ಕಾರವೇ ಎಂದೆನು. ಕಂಡವರನ್ನೆಲ್ಲ ಅವ್ವ ಎನ್ನುವುದಾದರೆ ನಾನೇಕೆ ಬೇಕು ಎಂದೂ ಕೇಳಿದೆನು. ಮಗಳು ಎದುರು ಮಾತನಾಡಲಿಲ್ಲ. “ಅವೊ ಅಂದ್ರ ಅವರ ಭಾಷಾದಾಗ ಅಜ್ಜಿ, ಯವ್ವಾ” ಎಂದಷ್ಟೇ ಹೇಳಿ ದೂರವಾಣಿಯನ್ನು ಕೆಳಗಿಟ್ಟಳು. ಮುಂದಿನ ನಾಲ್ಕು ದಿನ ಅವಳೂ ಮಾತನಾಡಿಸಲಿಲ್ಲ, ನಾನೂ ಮಾತನಾಡಿಸಲಿಲ್ಲ.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ಮುದಗಲ್ಲಿನ ನೆನಪು ಬರತೊಡಗಿತು. ಲಿಂಗಸುಗೂರು ತಾಲ್ಲೂಕಿನ ಆ ಊರಿನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೆನು. ಅಲ್ಲಿಯ ಕೋಟೆಯನ್ನೂ ಮೊಹರಮ್ಮನ್ನೂ ಎಲ್ಲರೂ ಬಲ್ಲರು. ಆದರೆ ೧೬ನೆಯ ಶತಮಾನದಷ್ಟು ಹಿಂದೆಯೇ, ಬಿಜಾಪುರದ ಸುಲ್ತಾನರ ಆಳ್ವಿಕೆಯಲ್ಲಿ, ಗೋವೆಯಿಂದ ಬಂದ ಪಾದ್ರಿಗಳಿಂದ ಅಲ್ಲಿ ಕ್ರೈಸ್ತ ಸಮುದಾಯವೊಂದು ಬೆಳೆದು ಬಂದಿತೆಂಬುದನ್ನು ಅರಿತವರು ಕಡಿಮೆ. ಗೋವೆಯು ೧೫೧೦ರಿಂದ ೧೯೬೧ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದಿತಷ್ಟೆ. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಗೆದ್ದಾಗ ಅವನ ಪಕ್ಷದಲ್ಲಿ ಪೋರ್ಚುಗೀಸ ಬಂದೂಕುಗಾರರಿದ್ದರು. ಆ ಯುದ್ಧದ ವಿವರವನ್ನು ಬರೆದಿಟ್ಟವನು ನೂನಿಜ್ ಎಂಬ ಪೋರ್ಚುಗೀಸನು. ಹೀಗೆ ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ನೆಲಕ್ಕೆ ಆ ದೂರದ ದೇಶವು ಅಪರಿಚಿತವೇನಲ್ಲ. ನಾವು ದಿನವೂ ಆಡುವ ಚಾವಿ, ಬಟಾಟೆ, ಪಗಾರ, ಇಸ್ತ್ರಿ ಎಂಬ ಮಾತುಗಳು ಅವರ ನುಡಿಯಿಂದಲೇ ಬಂದವು. ಲಿಸ್ಬನ್ನಿಗೆ ಹೋದ ಹೊಸದರಲ್ಲಿ ಮಗಳು ಸಂತೆಯಲ್ಲಿ ಬಟಾಟೆ ಎಂಬ ಹೆಸರನ್ನು ಕೇಳಿ, ಸಿಂಧನೂರಿನ ಸಂತೆಯೇ ನೆನಪಾಯಿತೆಂದು ಹೇಳಿದ್ದಳು.

ಮುದಗಲ್ಲಿನಲ್ಲಿ ನನ್ನ ಜೊತೆಗೆ ಕೆಲಸ ಮಾಡುತ್ತಿದ್ದ ಕ್ರೈಸ್ತ ಶಿಕ್ಷಕಿಯೊಬ್ಬರಿದ್ದರು. ಮಾತು, ಉಡುಗೆ, ಅಡಿಗೆ ಎಲ್ಲವೂ ನಮ್ಮವೇ. ಡಿಸೆಂಬರ್ ಬಂದರೆ ಅವರ ಮನೆಯಲ್ಲಿ ಕರಚೀಕಾಯಿ, ಚಕ್ಕುಲಿ ಸಿದ್ಧವಾಗುತ್ತಿದ್ದವು. ನಾನು ಬರುವೆನೆಂದು ನನ್ನ ಅಡಿಗೆಯನ್ನು ಬೇರೆಯಾಗಿಯೇ ಮಾಡಿ, ಅಂದು ಮನೆಯವರೆಲ್ಲರೂ ನನ್ನ ಜೊತೆಗೆ ಶಾಕಾಹಾರವನ್ನೇ ಉಣ್ಣುತ್ತಿದ್ದರು. ಆ ಮನೆಯಲ್ಲಿ ನಾನು ಎಷ್ಟೋ ಸಲ ಸಂತೋಷದಿಂದ ಉಂಡು ಬಂದಿದ್ದೇನೆ. ಅಂದು ನನ್ನ ಲಿಂಗನಿಷ್ಠೆಗೆ ಯಾವ ಕುಂದೂ ಬರಲಿಲ್ಲ. ಹಾಗಾದರೆ ಇಂದು ಮಗಳು ಉಂಡದ್ದರಿಂದ ಬಂದ ಕುಂದಾದರೂ ಯಾವುದು? ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಅಭಿಮಾನ ಬಿಡಲೊಲ್ಲದು.

ಡಿಸೆಂಬರ್ ೩೦ರಂದು ಎಳ್ಳ ಅಮಾವಾಸ್ಯೆ ಬಂದಿತು. ಅಂದು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು, ಇಂದು ತಾನೇ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯ ದಾರಿಯಲ್ಲಿ ನಮ್ಮ ಹಿರಿಯರ ಎರೆಹೊಲವಿದೆ. ಸಿಂಧನೂರಿನ ಸುತ್ತಲೂ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಬತ್ತ ಬೆಳೆಯುತ್ತದೆಯಾದರೂ ನಮ್ಮ ಆ ಹೊಲಕ್ಕೆ ಮಳೆಯೇ ಆಧಾರ. ಬಿಳಿಜೋಳ, ಕಡಲೆ ಅಲ್ಲಿಯ ಬೆಳೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ ಪಲ್ಯ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಅನ್ನ ಇವೆಲ್ಲವನ್ನೂ ಬುಟ್ಟಿಯಲ್ಲಿ ಕಟ್ಟಿಕೊಂಡು ಮೈದುನನ ಮನೆಯವರೊಡನೆ ನಾನೂ ಹೋದೆನು.

ಎಳ್ಳ ಅಮಾವಾಸ್ಯೆಯ ಅರ್ಥವನ್ನು ರೈತ ಮನೆತನದ ಓದುಗರಿಗೆ ನಾನು ಹೇಳಬೇಕಾದುದಿಲ್ಲ. ಆ ಹೊತ್ತಿಗೆ ಜೋಳವು ತೆನೆ ಹಿರಿದು ನಿಂತಿರುತ್ತದೆ. ಭೂತಾಯಿಯು ಬಸುರಿ ಎಂಬುದು ನಮ್ಮ ಹಿರಿಯರ ಭಾವನೆ. ಬಸುರಿಗೆ ಬಯಕೆಯ ಊಟ ಮಾಡಿಸಬೇಕಲ್ಲವೆ? ಅದಕ್ಕಾಗಿಯೇ ಅಂದು ಎಲ್ಲ ಅಡಿಗೆಯನ್ನೂ ಕಲಸಿ, ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವುದು. ಚೆಲ್ಲುವಾಗ ಇದು ನಮ್ಮ ಹೊಲದ ಹಕ್ಕಿಗೆ, ಇದು ನೆರೆಯವರ ಹೊಲದ ಇರುವೆಗೆ ಎಂದು ಯಾರೂ ನೋಡುವುದಿಲ್ಲ. ಒಬ್ಬರು ಚೆಲ್ಲಿದುದು ಇನ್ನೊಬ್ಬರ ಬದುವಿಗೂ ಬೀಳುತ್ತದೆ.

ಚರಗದ ಬುಟ್ಟಿಯನ್ನು ಹಿಡಿದು ಬದುವಿನ ಮೇಲೆ ನಿಂತಾಗ ನನಗೆ ಐವತ್ತು ವರ್ಷದ ಹಿಂದಿನ ಒಂದು ದಿನ ಕಣ್ಣಿಗೆ ಕಟ್ಟಿದಂತಾಯಿತು. ೧೯೭೦ರ ದಶಕದಲ್ಲಿ ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರಿಗೆ ಸರಕಾರವು ಸಿಂಧನೂರಿನ ಬಳಿ ಕ್ಯಾಂಪುಗಳನ್ನು ಕಟ್ಟಿಕೊಟ್ಟಿತು. ನಾನಾಗ ಚಿಕ್ಕ ಹುಡುಗಿ. ಇಂತಹುದೇ ಒಂದು ಎಳ್ಳ ಅಮಾವಾಸ್ಯೆಯ ದಿನ ಕ್ಯಾಂಪಿನ ದಂಪತಿಗಳಿಬ್ಬರು ನಮ್ಮ ಹೊಲದ ಮುಂದೆ ನಡೆದು ಹೋಗುತ್ತಿದ್ದರು. ಹೆಣ್ಣುಮಗಳು ದಿನ ತುಂಬಿದ ಬಸುರಿ. ನನ್ನ ಅವ್ವನಿಗೆ ಅವರ ಭಾಷೆಯ ಒಂದು ಅಕ್ಷರವೂ ಬರುತ್ತಿರಲಿಲ್ಲ. ಕೈಸನ್ನೆಯಿಂದಲೇ ಕರೆದು ಬನ್ನಿಗಿಡದ ನೆರಳಿನಲ್ಲಿ ಕೂಡಿಸಿ, ಮೊದಲ ಹೋಳಿಗೆಯನ್ನು ಆ ಹೆಣ್ಣುಮಗಳಿಗೇ ಬಡಿಸಿ, ಹೋಗುವಾಗ ಸೆರಗಿನಲ್ಲಿ ಎರಡು ಬೊಗಸೆ ಕಡಲೆಯನ್ನೂ ಹಾಕಿದಳು. ಆ ದಂಪತಿಗಳು ತಮ್ಮ ಮನೆಯಲ್ಲಿ ಮೀನು ಉಣ್ಣುವವರೆಂಬುದು ಅವ್ವನಿಗೆ ಗೊತ್ತಿದ್ದಿತು. ಅದನ್ನು ಅವಳು ಎಣಿಸಲಿಲ್ಲ. ಆ ಹೆಣ್ಣುಮಗಳ ತಾಯಿಯು ಯಾವ ದೇಶದಲ್ಲಿ ಉಳಿದಿದ್ದಳೋ, ಮಗಳಿಗೆ ಬಯಕೆಯ ಊಟ ಉಣಿಸಲಾಗಲಿಲ್ಲವೆಂದು ಎಷ್ಟು ಕೊರಗಿದ್ದಳೋ ಯಾರು ಬಲ್ಲರು! ಅಂದು ಅವಳ ಸ್ಥಾನದಲ್ಲಿ ನಿಂತು ಉಣಿಸಿದವಳು ನನ್ನ ಅವ್ವ.

ಓದುಗರೆ, ಚರಗದ ಬುಟ್ಟಿಯು ನನ್ನ ಕೈಯಲ್ಲಿಯೇ ಉಳಿಯಿತು. ನನಗೆ ನೋವಾದದ್ದು ಧರ್ಮಕ್ಕಾಗಿ ಅಲ್ಲವೆಂಬುದು ಅಂದು ನಿಚ್ಚಳವಾಯಿತು. ನಾನು ಉಣಿಸಬೇಕಾಗಿದ್ದ ತುತ್ತನ್ನು ಬೇರೊಬ್ಬಳು ಉಣಿಸಿದಳೆಂಬ ಹೊಟ್ಟೆಯುರಿಗೆ ನಾನು ಧರ್ಮದ ಹೆಸರನ್ನು ಇಟ್ಟಿದ್ದೆನು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಕಲ್ಯಾಣದ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಅಲ್ಲಗಳೆದರೆಂದು ನಾನು ಎಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ! ಆ ಪಾಠವನ್ನು ಹೇಳಿದ ನಾಲಗೆಯೇ ಬಸುರಿ ಮಗಳಿಗೆ ಪಂಕ್ತಿಯ ಸೂತಕವನ್ನು ಹೊರಿಸಿತ್ತು.

ಹೊಲದಿಂದಲೇ ಮಗಳಿಗೆ ದೂರವಾಣಿ ಮಾಡಿದೆನು. ಅಲ್ಲಿ ಆಗತಾನೆ ಬೆಳಗಾಗುತ್ತಿದ್ದಿತು. ತಪ್ಪಾಯಿತೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಪರದೆಯನ್ನು ತೆನೆಗಳ ಕಡೆಗೆ ತಿರುಗಿಸಿ, ಅವಳು ನೋಡುತ್ತಿರುವಂತೆಯೇ ಅವಳ ಹೆಸರಿನಲ್ಲಿ ಒಂದು ಹಿಡಿ ಚರಗ ಚೆಲ್ಲಿದೆನು. ಆಮೇಲೆ, “ನಿನ್ನ ಅವೊ ಹ್ಯಾಂಗದಾಳವ್ವಾ?” ಎಂದು ಕೇಳಿದೆನು. ಮಗಳು ಅತ್ತುಬಿಟ್ಟಳು. ಅನಂತರ ಅವಳು ಹೇಳಿದ ಮಾತು ನನ್ನನ್ನು ಇನ್ನಷ್ಟು ನಾಚಿಸಿತು. ಆ ಮುದುಕಿಯ ಒಬ್ಬಳೇ ಮಗಳು ದುಡಿಮೆಗಾಗಿ ಫ್ರಾನ್ಸ್ ದೇಶಕ್ಕೆ ಹೋಗಿ ನೆಲೆಸಿದ್ದಾಳೆ. ಆ ವರ್ಷ ಹಬ್ಬಕ್ಕೆ ಬರಲಾಗಲಿಲ್ಲ. ತನ್ನ ಮಗಳು ಕೂಡುತ್ತಿದ್ದ ಕುರ್ಚಿಯಲ್ಲಿಯೇ ಆಕೆ ನನ್ನ ಮಗಳನ್ನು ಕೂಡಿಸಿ ಉಣಿಸಿದ್ದಳು. ಊಟಕ್ಕೆ ಹೋಗುವ ಮುನ್ನ ಮಗಳು ಸ್ನಾನ ಮಾಡಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜೆ ಮುಗಿಸಿಯೇ ಹೋಗಿದ್ದಳು. ನಾನು ಅದನ್ನು ಕೇಳಿಯೇ ಇರಲಿಲ್ಲ.

ಗರ್ಭದ ಶಿಶುವಿನ ಲಿಂಗಸಂಸ್ಕಾರದ ಚಿಂತೆಯನ್ನು ನಾನು ಮಠಕ್ಕೆ ಹೋಗಿ ಹಿರಿಯರೊಬ್ಬರಲ್ಲಿ ಅರಿಕೆ ಮಾಡಿಕೊಂಡೆನು. ಲಿಂಗವನ್ನು ಗುಡಿಯಿಂದ ಬಿಡಿಸಿ ಅಂಗೈಗೆ ಕೊಟ್ಟುದರ ಉದ್ದೇಶವೇ ಭಕ್ತನು ಎಲ್ಲಿದ್ದರೂ ಅದು ಅವನೊಡನೆ ಇರಲಿ ಎಂಬುದಲ್ಲವೆ ಎಂದು ಅವರು ನನ್ನನ್ನೇ ಕೇಳಿದರು. ತಾಯಿಯ ಎದೆಯ ಮೇಲೆ ಲಿಂಗವಿದೆ, ಅವಳ ಉಸಿರಿನಲ್ಲಿ ಮಗುವಿದೆ. ಕ್ರಿಯೆಯು ಮಗು ಊರಿಗೆ ಬಂದಾಗ ಆಗಲಿ, ಭಯ ಬೇಡವೆಂದು ಸಮಾಧಾನ ಹೇಳಿದರು.

ಜನವರಿಯ ಕೊನೆಗೆ ನನಗೆ ವೀಸಾ ದೊರೆಯಿತು. ಜೋಳದ ಹಿಟ್ಟು, ಶೇಂಗಾ ಹೋಳಿಗೆ, ಅಳವಿ, ಅಂಟು, ಕೊಬ್ಬರಿಗಳೊಡನೆ ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆಯನ್ನೂ ಕಟ್ಟಿಕೊಂಡು ಹೋದೆನು. ಇನ್ನೊಂದು ಇಳಕಲ್ಲ ಸೀರೆಯನ್ನೂ ಒಯ್ದಿದ್ದೆನು. ಹೋದ ಮರುದಿನವೇ ಎದುರು ಮನೆಯ ಬಾಗಿಲನ್ನು ತಟ್ಟಿ, ಆ ತಾಯಿಯನ್ನು ಕೂಡಿಸಿ, ಕುಂಕುಮವಿಟ್ಟು, ಅಕ್ಕಿ, ಕೊಬ್ಬರಿ, ಸೀರೆಗಳಿಂದ ಉಡಿ ತುಂಬಿದೆನು. ಅವರಿಗೆ ನನ್ನ ಮಾತು ತಿಳಿಯದು, ನನಗೆ ಅವರದು ತಿಳಿಯದು. ಅವರು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಫೆಬ್ರವರಿಯಲ್ಲಿ ಹೆಣ್ಣುಕೂಸು ಹುಟ್ಟಿತು. ಆಸ್ಪತ್ರೆಗೆ ಮಗಳ ಒಂದು ಮಗ್ಗುಲಿಗೆ ನಾನಿದ್ದೆನು, ಇನ್ನೊಂದು ಮಗ್ಗುಲಿಗೆ ಅವರಿದ್ದರು. ೨೦೨೫ರ ಶ್ರಾವಣದಲ್ಲಿ ಕೂಸು ಸಿಂಧನೂರಿಗೆ ಬಂದಿತು. ಗುರುಗಳ ಹಸ್ತದಿಂದ ಲಿಂಗಧಾರಣೆಯಾಯಿತು.

ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿದ ತಂದೆತಾಯಿಗಳೆ, ಅವರು ಯಾವ ಹಬ್ಬದಲ್ಲಿ ಕುಳಿತರು, ಯಾರ ಮನೆಯಲ್ಲಿ ಉಂಡರು ಎಂದು ತಿಳಿದಾಗ ಮನಸ್ಸು ಕಳವಳಗೊಳ್ಳುವುದು ಸಹಜ. ಆದರೆ ಮೊದಲ ಮಾತು ಅದಾಗದಿರಲಿ. ಹೊಟ್ಟೆ ತುಂಬಿತೇ, ಉಣಿಸಿದವರು ಯಾರು ಎಂದು ಕೇಳಿರಿ. ಉಣಿಸಿದವರ ಹೆಸರನ್ನು ತಿಳಿದುಕೊಳ್ಳಿರಿ. ನಾವು ದಾಸೋಹವೆಂದು ಕರೆಯುವುದನ್ನು ಅವರು ಬೇರೊಂದು ಹೆಸರಿನಿಂದ ಕರೆಯುತ್ತಿರಬಹುದು. ಅವರಿಗೆ ನಮ್ಮ ಶರಣು ತಿಳಿಸೆಂದು ಮಕ್ಕಳಿಗೆ ಹೇಳಿರಿ. ಮತ್ತು ನಿಮ್ಮ ಊರಿಗೆ ದುಡಿಯಲು ಬಂದ ಯಾವುದೋ ನಾಡಿನ ಬಸುರಿಯೊಬ್ಬಳು ಹಬ್ಬದ ದಿನ ನಿಮ್ಮ ಹೊಲದ ಮುಂದೆ ಹಾದುಹೋದರೆ, ಕರೆದು ಒಂದು ಹೋಳಿಗೆ ಬಡಿಸಿರಿ. ಅವಳ ತಾಯಿಯೂ ಎಲ್ಲಿಯೋ ಕುಳಿತು ಕೊರಗುತ್ತಿರುತ್ತಾಳೆ.

ಶರಣು ಶರಣಾರ್ಥಿ.