ತಂಬೂರಿ ಮತ್ತು ತೆಂಗಿನಕಾಯಿ

ಸಾಕ್ಷ್ಯಚಿತ್ರವೆಂದರೆ ನಮ್ಮ ಕಾಲದ ಹುಡುಗರಿಗೆ ಕಡಲೆಕಾಯಿ ಕೊಳ್ಳುವ ಹೊತ್ತು. ಟಾಕೀಸಿನಲ್ಲಿ ರಾಜಕುಮಾರ್ ಬರುವ ಮುನ್ನ ಫಿಲಂಸ್ ಡಿವಿಜನ್ನಿನ ಕಪ್ಪುಬಿಳುಪು ರೀಲು ಓಡಲೇಬೇಕಿತ್ತು, ಸರ್ಕಾರದ ಕಟ್ಟಳೆ. ಅಣೆಕಟ್ಟು, ಪ್ರವಾಹ, ಗೋಧಿ ತಳಿ, ಕೊನೆಗೊಂದಿಷ್ಟು ಕ್ರಿಕೆಟ್ಟು. ಗಂಟಲು ಸರಿಮಾಡಿಕೊಂಡ ಗಂಡುದನಿಯೊಂದು ಎಲ್ಲವನ್ನೂ ತಾನೇ ಹೇಳಿಬಿಡುತ್ತಿತ್ತು. ಪರದೆಯ ಮೇಲಿದ್ದವರು ಬಾಯಿ ಆಡಿಸುತ್ತಿದ್ದರು, ಮಾತು ಮಾತ್ರ ನಮಗೆ ಕೇಳಿಸುತ್ತಿರಲಿಲ್ಲ. ಸರ್ವಜ್ಞನಂಥ ಆ ದನಿಯ ಹಂಗಿಲ್ಲದೆಯೂ ಸಾಕ್ಷ್ಯಚಿತ್ರ ಇರಬಹುದೆಂದು ತಿಳಿಯುವ ಹೊತ್ತಿಗೆ ನನ್ನ ತಲೆ ಅರ್ಧ ನೆರೆತಿತ್ತು.

ತಿಳಿಸಿದ್ದು ಶಬನಮ್ ವಿರ್ಮಾನಿಯವರ ಕಬೀರ ಚಿತ್ರಗಳು. 2002ರ ಗುಜರಾತಿನ ಹಿಂಸೆ ಅವರನ್ನು ಕಬೀರನ ಕಡೆ ತಿರುಗಿಸಿತು. ಮರುವರ್ಷ ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ಆರಂಭವಾದ ಹುಡುಕಾಟ ಕೊನೆಗೆ ನಾಲ್ಕು ಚಿತ್ರಗಳಾಗಿ ಹೊರಬಂತು. ಒಂದೊಂದೂ ಒಂದೂವರೆ ಗಂಟೆ ದಾಟುತ್ತದೆ. ಅವಸರದವರಿಗೆ ಅಲ್ಲ. ನಾನಂತೂ ಒಂದೊಂದನ್ನೂ ಎರಡು ಮೂರು ರಾತ್ರಿಗೆ ಹಂಚಿಕೊಂಡು, ಹಾಡು ಬಂದಲ್ಲೆಲ್ಲ ಹಿಂದಕ್ಕೆ ತಿರುಗಿಸಿ, ಮನೆಯವರ ಬೈಗುಳ ತಿಂದುಕೊಂಡೇ ನೋಡಿದೆ.

‘ಹದ್ ಅನ್‌ಹದ್’ ಅಯೋಧ್ಯೆಯಿಂದ ಹೊರಟು ಮಾಳವ, ರಾಜಸ್ಥಾನಗಳನ್ನು ಸುತ್ತಿ ಗಡಿಯಾಚೆ ಕರಾಚಿಗೂ ಹೋಗುತ್ತದೆ. ಅಲ್ಲಿ ಕವ್ವಾಲ ಫರೀದುದ್ದೀನ್ ಅಯಾಜ್ ಇದ್ದಾರೆ. ದೊಡ್ಡ ನಗು, ದೊಡ್ಡ ಕೈಬೀಸು, ಮಾತಿನ ನಡುವೆಯೇ ಹಾಡು. ಅಧ್ಯಾತ್ಮವೆಂದರೆ ಮುಖ ಬಿಗಿದುಕೊಂಡು ಕೂರುವುದೆಂದು ನಂಬಿದವರು ಈ ಮನುಷ್ಯನನ್ನು ಒಮ್ಮೆ ನೋಡಬೇಕು. ಬೂದಿ ಬಳಿದ ಸಾಧುವನ್ನು ಗಂಗೆಯ ದಡದಲ್ಲಿ ನಿಧಾನಗತಿಯಲ್ಲಿ ನಡೆಸಿ, ಹಿಂದೆ ಕೊಳಲು ಊದಿಸುವ ಚಿತ್ರಗಳು ಬೇಕಾದಷ್ಟಿವೆ. ಅವುಗಳಲ್ಲಿ ಹೊಗೆ ಹೆಚ್ಚು, ಮನುಷ್ಯ ಕಡಿಮೆ.

‘ಕೋಯಿ ಸುನತಾ ಹೈ’ ಚಿತ್ರಕ್ಕೆ ಕುಮಾರ ಗಂಧರ್ವರೇ ನೆವ. ಬೆಳಗಾವಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ನಮ್ಮ ಶಿವಪುತ್ರ ಕೋಂಕಾಳಿಮಠ ಕ್ಷಯ ಹಿಡಿದು, ಒಣಹವೆ ಹುಡುಕಿಕೊಂಡು 1948ರಲ್ಲಿ ಮಾಳವದ ದೇವಾಸಕ್ಕೆ ಹೋದರು. ಹಾಡಕೂಡದೆಂದು ಡಾಕ್ಟರರ ಆಜ್ಞೆ. ವರ್ಷಗಟ್ಟಲೆ ಮಲಗಿದ್ದ ಹಾಡುಗಾರನಿಗೆ ಕೇಳುವುದೊಂದೇ ಉಳಿದ ಕೆಲಸ. ಬೀದಿಯಲ್ಲಿ ಹೋಗುವ ಹೆಂಗಸರ ಹಾಡು, ಜೋಗಿಗಳ ನಿರ್ಗುಣ ಭಜನೆ, ಎಲ್ಲವೂ ಆ ಕಿವಿಗೆ ಬಿತ್ತು. ಮುಂದೆ ಅವರು ಹಾಡಿದ ಕಬೀರ ಅಲ್ಲಿಂದ ಬಂದವನು. ಚಿತ್ರ ತಯಾರಾಗುವಾಗ ಅವರು ತೀರಿಕೊಂಡು ಹತ್ತು ವರ್ಷಕ್ಕೂ ಮೇಲಾಗಿತ್ತು. ಮಗಳು ಕಲಾಪಿನಿ ಹಾಡುತ್ತಾರೆ, ಹಳ್ಳಿಯ ಗಾಯಕರು ಹಾಡುತ್ತಾರೆ. ಒಂದೇ ಪದ ಒಬ್ಬರಲ್ಲಿ ರಾಗವಾಗಿ, ಇನ್ನೊಬ್ಬರಲ್ಲಿ ಮಂಜೀರದ ಲಯವಾಗಿ ಬಂದಾಗ ಯಾವುದು ಮೇಲು ಎನ್ನುವ ಪ್ರಶ್ನೆಯೇ ನನಗೆ ಮರೆತುಹೋಯಿತು.

ಆದರೆ ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ‘ಕಬೀರಾ ಖಡಾ ಬಜಾರ್ ಮೇಂ’. ಅದರ ನಾಯಕ ಪ್ರಹ್ಲಾದ ಸಿಂಗ್ ಟಿಪಾನಿಯಾ. ಉಜ್ಜಯಿನಿ ಕಡೆಯ ಲೂನಿಯಾಖೇಡಿಯ ದಲಿತ ಮನೆತನದ ಶಾಲಾ ಮೇಷ್ಟ್ರು. ತಂಬೂರಿಯ ನಾದಕ್ಕೆ ಮರುಳಾಗಿ ಅದನ್ನು ಕಲಿಯಲು ಹೊರಟವರು, ಕಬೀರ ಅವರಿಗೆ ಆಮೇಲೆ ಸಿಕ್ಕಿದ. ಬಲಗೈಯಲ್ಲಿ ತಂತಿ, ಎಡಗೈಯಲ್ಲಿ ಕರತಾಳ. ಒಂದು ಸಾಲು ಹಾಡಿ, ನಿಲ್ಲಿಸಿ, ಎದುರಿಗೆ ಕೂತವರನ್ನು ‘ಏನರ್ಥವಾಯಿತು?’ ಎಂದು ಕೇಳುವಂತೆ ನೋಡುತ್ತಾರೆ. ಮೇಷ್ಟರ ಅಭ್ಯಾಸ ಎಲ್ಲಿ ಹೋಗುತ್ತದೆ!

ಪೂಜಾರಿಯನ್ನೂ ಮುಲ್ಲಾನನ್ನೂ ಒಂದೇ ಉಸಿರಿನಲ್ಲಿ ಗೇಲಿಮಾಡಿದ ಕವಿಯನ್ನು ಹಾಡುವ ಈ ಮನುಷ್ಯ, ಕಬೀರಪಂಥದ ಮಹಂತರಾಗಲು ಒಪ್ಪಿಕೊಂಡುಬಿಡುತ್ತಾರೆ. ಛತ್ತೀಸಗಡದ ದಾಮಾಖೇಡಾದ ಗದ್ದುಗೆ ಕೊಟ್ಟ ಪಟ್ಟ. ಮಹಂತರೆಂದ ಮೇಲೆ ಚೌಕಾ ಆರತಿ ನಡೆಸಬೇಕು: ಹಿಟ್ಟಿನಲ್ಲಿ ಬರೆದ ಚೌಕ, ದೀಪ, ವೀಳ್ಯದೆಲೆ, ತೆಂಗಿನಕಾಯಿ. ಪಟ್ಟವನ್ನೇ ಬೈದು ಹಾಡಿದವನ ಹೆಸರಿನಲ್ಲಿ ಪಟ್ಟಾಭಿಷೇಕ ನಡೆಯುವ ಕತೆಯನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಏಕಲವ್ಯ ಸಂಸ್ಥೆಯ ಗೆಳೆಯರಿಗೆ ಇದು ಸಿಟ್ಟು ತರಿಸುತ್ತದೆ. 1991ರಿಂದ ಟಿಪಾನಿಯಾರಂಥ ಗಾಯಕರನ್ನು ದೇವಾಸದಲ್ಲಿ ತಿಂಗಳಿಗೊಮ್ಮೆ ಸೇರಿಸಿ, ರಾತ್ರಿಯಿಡೀ ಭಜನೆ, ನಡುನಡುವೆ ಜಾತಿ-ಧರ್ಮಗಳ ಚರ್ಚೆ ನಡೆಸಿದವರು ಅವರು. ನೀವೇ ಹೀಗೆ ಮಾಡಿದರೆ ಹೇಗೆ ಎಂಬುದು ಅವರ ತಕರಾರು. ಒಳಗೆ ಹೋದರೆ ತಾನೆ ಏನಾದರೂ ಬದಲಾಯಿಸಲು ಸಾಧ್ಯ ಎಂಬುದು ಟಿಪಾನಿಯಾರ ವಾದ. ಕ್ಯಾಮೆರಾ ಯಾರ ಪರವೂ ವಕಾಲತ್ತು ವಹಿಸುವುದಿಲ್ಲ. ಫಿಲಂಸ್ ಡಿವಿಜನ್ನಿನ ಆ ದನಿ ಇಲ್ಲಿದ್ದಿದ್ದರೆ ಎರಡೇ ವಾಕ್ಯದಲ್ಲಿ ತೀರ್ಪು ಕೊಟ್ಟು ಗೋಧಿ ತಳಿಗೆ ಹೊರಟುಹೋಗುತ್ತಿತ್ತು. ಇಲ್ಲಿ ಜಗಳ ಕುದಿಯುತ್ತಲೇ ಇರುತ್ತದೆ, ಜಗಳವಾಡಿದವರೇ ಮತ್ತೆ ಹಾಡಿಗೂ ಕೂರುತ್ತಾರೆ. ನನಗೆ ಒಮ್ಮೆ ಇವರು ಸರಿಯೆನಿಸಿತು, ಇನ್ನೊಮ್ಮೆ ಅವರು. ಊರಿನಲ್ಲಿ ತಲೆತಲಾಂತರದಿಂದ ಗುಡಿಯ ಹೊರಗೇ ನಿಲ್ಲಿಸಲ್ಪಟ್ಟವರ ಮನೆಯ ಮಗ ಗದ್ದುಗೆಯ ಮೇಲೆ ಕೂತಾಗ ಊರವರ ಕಣ್ಣಿನಲ್ಲಿ ಮೂಡುವ ಹೆಮ್ಮೆಯನ್ನು ಬೆಂಗಳೂರಿನ ಸೋಫಾದಲ್ಲಿ ಕೂತು ತಪ್ಪೆನ್ನಲು ನನಗಂತೂ ಬಾಯಿ ಬರಲಿಲ್ಲ. ಆ ತೆಂಗಿನಕಾಯಿ ಇಷ್ಟವಾಯಿತೆಂದೂ ಹೇಳಲಾರೆ. ಮುಂದೆ ಟಿಪಾನಿಯಾ ಮಹಂತಗಿರಿ ಬಿಟ್ಟರು.

ಇತ್ತ ವಿರ್ಮಾನಿಯವರೂ ಸುಮ್ಮನೆ ಉಳಿಯಲಿಲ್ಲ. ಕ್ಯಾಮೆರಾ ಹಿಡಿದು ಹೋದವರು ತಂಬೂರಿ ಹಿಡಿದು ವಾಪಸು ಬಂದರು, ಈಗ ತಾವೇ ಕಬೀರನನ್ನು ಹಾಡುತ್ತಾರೆ. ನಿರ್ದೇಶಕರು ತಟಸ್ಥರಾಗಿರಬೇಕೆಂದು ಪಾಠ ಹೇಳುವ ಪ್ರೊಫೆಸರರಿಗೆ ಇದು ಸರಿಬಾರದು. ಆರು ವರ್ಷ ಆ ಹಾಡುಗಳ ನಡುವೆ ತಿರುಗಿಯೂ ಒಂದನ್ನಾದರೂ ಗುನುಗದವರ ಚಿತ್ರವನ್ನು ನಾನು ನಂಬಲಾರೆ.

ಟಿಪಾನಿಯಾರಿಗೆ 2011ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ಅವರು ದೇವಾಸದಿಂದ ಕಾಂಗ್ರೆಸ್ ಟಿಕೆಟ್ಟಿನ ಮೇಲೆ ಲೋಕಸಭೆಗೆ ನಿಂತರು. ಎದುರಾಳಿ ನ್ಯಾಯಾಧೀಶರ ಹುದ್ದೆ ಬಿಟ್ಟು ಬಂದ ಬಿಜೆಪಿ ಅಭ್ಯರ್ಥಿ. ಪ್ರಚಾರಸಭೆಗಳಲ್ಲೂ ಕಬೀರ ಭಜನೆ ಹಾಡಿದರು, ಸೋತರು. ಗದ್ದುಗೆಯ ಮೇಲೆ ಕೂತಾಗ ಕೇಳಿದ ಪ್ರಶ್ನೆಗಳನ್ನೇ ಮತಯಾಚನೆಗೆ ನಿಂತಾಗಲೂ ಯಾರಾದರೂ ಕ್ಯಾಮೆರಾ ಹಿಡಿದು ಕೇಳಬೇಕಿತ್ತು. ಅಂಥದೊಂದು ಐದನೆಯ ಚಿತ್ರ ಬಂದರೆ ಕಡಲೆಕಾಯಿಗೂ ಏಳದೆ ನೋಡುತ್ತೇನೆ.