ರದ್ದಿಗೆ ಹೋದ ವಹಿಗಳು

ನಮ್ಮ ತೀರ್ಥರೂಪರು ಬಾಗಲಕೋಟೆಯ ಪ್ರೌಢಶಾಲೆಯೊಂದರಲ್ಲಿ 31 ವರ್ಷ ಚಿತ್ರಕಲಾ ಶಿಕ್ಷಕರಾಗಿದ್ದರು. ಊರಿನವರ ಬಾಯಲ್ಲಿ ಅವರು ‘ಡ್ರಾಯಿಂಗ್ ಮಾಸ್ತರ’. 1996ರಲ್ಲಿ ಅವರು ಲಿಂಗೈಕ್ಯರಾದಾಗ ನಮಗೆ ಬಿಟ್ಟುಹೋದದ್ದು ಒಂದು ಸೈಕಲ್ಲು, ಒಂದು ಕೊಡೆ, ಮತ್ತು ಕಟ್ಟಿಗೆಯ ಪೆಟ್ಟಿಗೆಯ ತುಂಬ ಚಿತ್ರದ ವಹಿಗಳು. 2001ರಲ್ಲಿ ಹಳೆಯ ಊರಿನ ಮನೆಯನ್ನು ಬಿಟ್ಟು ನವನಗರಕ್ಕೆ ಬರುವಾಗ ಆ ವಹಿಗಳನ್ನು ನಾನು ರದ್ದಿಗೆ ಹಾಕಿದೆ. ತೂಕ 22 ಕಿಲೋ; ಕಿಲೋಕ್ಕೆ 4 ರೂಪಾಯಿಯಂತೆ 88 ರೂಪಾಯಿ ಬಂದವು. ಸಾಮಾನು ಹೇರಿದ ಹಮಾಲರಿಗೆ ಆ ಹಣವನ್ನು ಕೊಟ್ಟೆ. ಇಷ್ಟು ವರ್ಷ ನಾನು ಈ ಮಾತನ್ನು ಮನೆಯ ಹೊರಗೆ ಆಡಿದವನಲ್ಲ. ಇಂದು ಆಡುತ್ತಿರುವುದಕ್ಕೆ ಕಾರಣ, ಅಂಥ ಪೆಟ್ಟಿಗೆ ನಮ್ಮ ಸಮಾಜದ ಇನ್ನೆಷ್ಟೋ ಮನೆಗಳಲ್ಲಿ ಇನ್ನೂ ಇದ್ದೀತು ಎಂಬುದು.

ತಂದೆಯವರು ಅಂಗಡಿಯ ವಹಿಯನ್ನು ಕೊಂಡವರಲ್ಲ. ಡ್ರಾಯಿಂಗ್ ಹಾಳೆಗಳನ್ನು ತಂದು, ಮಡಿಸಿ, ಕತ್ತರಿಸಿ, ದಬ್ಬಣದಿಂದ ತಾವೇ ಹೊಲಿದು, ರಟ್ಟು ಹಾಕುತ್ತಿದ್ದರು. ಅಂಗೈಯಗಲದ ವಹಿ, ಅಂಗಿಯ ಕಿಸೆಯಲ್ಲಿ ಹಿಡಿಯಬೇಕು. ಮುಂಜಾನೆ ಲಿಂಗಪೂಜೆ ಮುಗಿಸಿ, ಚಹಾ ಕುಡಿಯುವ ಮುನ್ನ ಒಂದು ಪುಟ ತುಂಬಲೇಬೇಕು. ಕಟ್ಟೆಯ ಮೇಲೆ ಮಲಗಿದ ಆಡು, ನೀರಿನ ಕೊಡ, ಎದುರುಮನೆಯ ಅಜ್ಜನ ರುಮಾಲು—ಕಣ್ಣ ಮುಂದೆ ಏನಿದೆಯೋ ಅದು. ಹೋಳಿಹುಣ್ಣಿಮೆಯಲ್ಲಿ ಬಾಗಲಕೋಟೆಯ ಬೀದಿಗಳಲ್ಲಿ ಬಣ್ಣದ ಬಂಡಿಗಳು ಹೊರಟಾಗ ಜನ ಬಣ್ಣ ಎರಚುತ್ತಿದ್ದರೆ ಅವರು ಕಿಡಕಿಯಲ್ಲಿ ಕುಳಿತು ಹಲಗಿ ಬಾರಿಸುವವರ ಕೈಗಳನ್ನು ತೆಗೆಯುತ್ತಿದ್ದರು.

ಅವರ ನಿಯಮಗಳು ಮೂರು. ಹಾಳೆ ಹರಿಯಬಾರದು, ರಬ್ಬರು ಮುಟ್ಟಬಾರದು, ಚಿತ್ರದ ಕೆಳಗೆ ತಾರೀಖು, ಊರು ಬರೆಯದೆ ವಹಿ ಮುಚ್ಚಬಾರದು. ಬಾಲ್ಯದಲ್ಲಿ ನಾನು ರಬ್ಬರು ಕೇಳಿದಾಗ ಅವರು ಹೇಳಿದ್ದು ನನಗಿನ್ನೂ ನೆನಪಿದೆ: “ತಪ್ಪು ಗೆರಿ ಅಳಸಬ್ಯಾಡ. ಅದರ ಬಾಜೂಕ ಸರಿ ಗೆರಿ ಎಳಿ. ಎಲ್ಲೆ ತಪ್ಪಿದ್ವಿ ಅನ್ನೂದು ನಮಗ ಗೊತ್ತಿರಲಿ.” ಆ ವಹಿಗಳನ್ನು ಅವರು ಯಾರಿಗೂ ಕರೆದು ತೋರಿಸಿದವರಲ್ಲ, ಪ್ರದರ್ಶನಕ್ಕೆ ಇಟ್ಟವರಲ್ಲ. ಅಂಗೈಯಲ್ಲಿ ಲಿಂಗವನ್ನಿಟ್ಟು ಎವೆಯಿಕ್ಕದೆ ನೋಡುವುದನ್ನು ಕಲಿತ ಕಣ್ಣು, ಅದೇ ಅಂಗೈಯಲ್ಲಿ ವಹಿಯನ್ನಿಟ್ಟು ಲೋಕವನ್ನು ನೋಡುವುದನ್ನೂ ಕಲಿಯಬೇಕು ಎಂಬುದು ಅವರ ನಂಬಿಕೆಯಾಗಿತ್ತು. ನೋಡುವುದೂ ಅವರಿಗೆ ಕಾಯಕವೇ.

1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಕೃಷ್ಣೆಯಿಂದ ಘಟಪ್ರಭೆಗೆ ಏರಿ ಬಾಗಲಕೋಟೆಯ ಬಾಗಿಲಿಗೆ ಬಂದಿತು. ಓಣಿಯ ಮೇಲೆ ಓಣಿ ಖಾಲಿಯಾದವು. ಪರಿಹಾರದ ಕಾಗದ, ನಿವೇಶನದ ಕಾಗದ, ಹಕ್ಕುಪತ್ರ—ಅಂದು ನಮಗೆ ಕಾಗದವೆಂದರೆ ಅವಷ್ಟೇ. ಅವುಗಳನ್ನು ಉಕ್ಕಿನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ತಂದೆಯವರ ವಹಿಗಳನ್ನು ತೂಕಕ್ಕೆ ಹಾಕಿದೆ. ಸ್ಥಳವಿಲ್ಲ, ಒರಲೆ ಹಿಡಿದೀತು, ಇವುಗಳನ್ನು ನೋಡುವವರು ಯಾರು—ನನ್ನ ಬಳಿ ಕಾರಣಗಳಿಗೆ ಕೊರತೆ ಇರಲಿಲ್ಲ.

ನಾಚಿಕೆಯ ಮಾತೆಂದರೆ, ಬಸವ ಜಯಂತಿಯ ಸಭೆಗಳಲ್ಲಿ ಫ.ಗು. ಹಳಕಟ್ಟಿಯವರ ಕಥೆಯನ್ನು ಗಂಟಲು ಕಟ್ಟುವಂತೆ ಹೇಳುತ್ತಿದ್ದವನು ನಾನೇ. ವಿಜಾಪುರದಲ್ಲಿ ವಕೀಲರಾಗಿದ್ದ ಆ ಮಹನೀಯರು ಓಲೆಗರಿಯ ಕಟ್ಟುಗಳನ್ನು ಅರಸುತ್ತ ಮನೆಮನೆಗೆ, ಮಠಮಠಕ್ಕೆ ಅಲೆದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ವಚನಗಳ ಮುದ್ರಣಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದರೂ ಓದುವವರಿಲ್ಲದ ಕಟ್ಟುಗಳು, ಅಟ್ಟದ ಮೇಲೆ ಹುಳು ತಿನ್ನುತ್ತಿದ್ದ ಕಟ್ಟುಗಳು ಅವರ ಕೈಯಿಂದ ನಮ್ಮೆಲ್ಲರ ಕೈಗೆ ಬಂದವು. ಆ ಕಥೆಯನ್ನು ಹೇಳಿ ಚಪ್ಪಾಳೆ ಪಡೆದು ಮನೆಗೆ ಬಂದವನೇ ನಮ್ಮ ಮನೆಯ ಕಟ್ಟನ್ನು ರದ್ದಿಯವನ ತಕ್ಕಡಿಗೆ ಏರಿಸಿದೆ.

ನವನಗರಕ್ಕೆ ಬಂದ ಮೇಲೆ ಅವ್ವ ಒಮ್ಮೆ ಕೇಳಿದಳು: “ನಿಮ್ಮಪ್ಪನ ವಹಿ ಎಲ್ಲೆ ಇಟ್ಟೀಯೋ ತಮ್ಮಾ?” “ಮ್ಯಾಲೆ ಕಟ್ಟಿಟ್ಟೀನವ್ವ” ಎಂದೆ. ಐದು ವರ್ಷ ಆ ಸುಳ್ಳು ನಡೆಯಿತು. 2006ರ ದೀಪಾವಳಿಗೆ ತಂಗಿ ತವರಿಗೆ ಬಂದಾಗ ಹಳೆಯ ಮನೆಯ ಮಾತು ಬಂದಿತು. ತಲಬಾಗಿಲಿನ ದೀಪದ ಮಾಡ ಎಡಕ್ಕಿತ್ತೆಂದು ತಂಗಿ, ಬಲಕ್ಕಿತ್ತೆಂದು ನಾನು. ಆ ಮನೆಯಲ್ಲಿಯೇ ಹುಟ್ಟಿ ಬೆಳೆದ ಇಬ್ಬರಿಗೂ ನಿಶ್ಚಯವಿಲ್ಲ. ನೋಡೋಣವೆಂದರೆ ಮನೆಯನ್ನು ಕೆಡವಿ ಆಗಿತ್ತು, ಓಣಿಯೇ ಇರಲಿಲ್ಲ. ಅವ್ವ ನಕ್ಕು, “ಜಗಳ ಯಾಕ? ವಹಿ ತಗೀರಿ. ಅವರು ಬಾಗಲಾ ಹತ್ತು ಸಲ ತಗದಾರ” ಎಂದಳು.

ಅಂದು ನಾನು ನಿಜ ಹೇಳಿದೆ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು: “ನಾ ದಿನಾ ಅಂಗಳದಾಗ ರಂಗೋಲಿ ಹಾಕಿ ದಿನಾ ಅಳಿಸಿದಾಕಿ. ಅದಕ್ಕ ನಾ ಎಂದೂ ಅತ್ತಿಲ್ಲ, ಮರುದಿನ ಮತ್ತ ಹಾಕಾಕ ನನ್ನ ಕೈ ಇತ್ತು. ಇದು ಹಂಗಲ್ಲೋ ತಮ್ಮಾ. ಇದನ್ನ ಹಾಕೂ ಕೈ ಹೋತು.” ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು.

ಅನಂತರ ಅವ್ವ ತನ್ನ ತವರಿನ ಟ್ರಂಕನ್ನು ತೆರೆದಳು. ಅವಳ ತವರು ಇಳಕಲ್ಲು. ಸೆರಗಿನ ರೇಷ್ಮೆ ಹಾಸನ್ನು ಒಡಲಿನ ಹಾಸಿಗೆ ಎಳೆಎಳೆಯಾಗಿ ಕೊಂಡಿ ಹಾಕಿ ಸೇರಿಸುವುದನ್ನು ನೋಡುತ್ತ ಬೆಳೆದವಳು, ಕಸೂತಿಯಲ್ಲಿ ಪಳಗಿದವಳು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಆದ್ದರಿಂದ ಕಲಿತ ನಮೂನೆ ಮರೆಯದಂತೆ ಒಂದು ಮೊಳ ಬಟ್ಟೆಯಲ್ಲಿ ಗೋಪುರ, ತೇರು, ತೊಟ್ಟಿಲು, ಆನೆ, ಬಸವಣ್ಣ ಎಲ್ಲವನ್ನೂ ಒಂದೊಂದು ಹಾಕಿಟ್ಟುಕೊಂಡಿದ್ದಳು. ಗವಂತಿ, ಮುರಗಿ, ನೇಯ್ಗಿ, ಮೆಂತ್ಯೆ—ನಾಲ್ಕೂ ಹೊಲಿಗೆಗಳು ಅದರಲ್ಲಿದ್ದವು. ತಂದೆಯವರಿಗೆ ವಹಿ ಹೇಗೋ ಅವಳಿಗೆ ಆ ಬಟ್ಟೆ ಹಾಗೆ. ಬಟ್ಟೆ ಮುದುಡದಂತೆ ಅದನ್ನು ತಂದೆಯವರ ಒಂದು ವಹಿಯ ಸುತ್ತ ಸುತ್ತಿಟ್ಟಿದ್ದಳು. ಹೀಗೆ ಒಂದು ವಹಿ ಉಳಿಯಿತು.

ಅದರಲ್ಲಿ ಅವ್ವನ ನಮೂನೆಗಳನ್ನು ತಂದೆಯವರು ಎಳೆಯ ಲೆಕ್ಕಸಹಿತ ತೆಗೆದುಕೊಂಡಿದ್ದರು. ಪತಿ ಪತ್ನಿಯಿಂದ ಕಲಿತ ಪಾಠವದು, ನಮಗಾರಿಗೂ ಗೊತ್ತಿರಲಿಲ್ಲ. ಕೊನೆಯ ಪುಟಗಳಲ್ಲಿ ನಮ್ಮ ತಲಬಾಗಿಲು ಇತ್ತು: ಹೊಸ್ತಿಲಿನ ಹಿತ್ತಾಳೆಯ ಮೊಳೆಗಳು, ಕಟ್ಟೆಯ ಮೂರು ಮೆಟ್ಟಿಲು, ಮೇಲಿನ ಜಂತಿ. ದೀಪದ ಮಾಡ ಎಡಕ್ಕಿತ್ತು. ತಂಗಿಯೇ ಗೆದ್ದಳು. ಇಂದು ಆ ಮನೆಯದೆಂದು ನಮ್ಮ ಬಳಿ ಉಳಿದಿರುವುದು ಆ ನಾಲ್ಕು ಪುಟ ಮಾತ್ರ.

ಸುದ್ದಿ ಹೇಗೋ ಹಬ್ಬಿ, ಮರುವರ್ಷ ಹುನಗುಂದದ ಕಡೆಯ ಒಬ್ಬ ಶಿಕ್ಷಕರು ಮನೆಗೆ ಬಂದರು. ತಂದೆಯವರ ಶಿಷ್ಯರು. “ಗುರುಗಳ ಕಡೆಯಿಂದ ಕಲಿಯಾಕ ಒಯ್ದಿದ್ದೆ, ತಿರುಗಿ ಕೊಡಲಿಲ್ಲ. ಅದು ನನ್ನ ತಪ್ಪು” ಎಂದು ಎರಡು ವಹಿಗಳನ್ನು ಅವ್ವನ ಕೈಗಿತ್ತರು. ಕೊಡದೆ ಉಳಿಸಿಕೊಂಡವರ ತಪ್ಪು, ಮಾರಿದ ಮಗನ ತಪ್ಪಿಗಿಂತ ಪುಣ್ಯದ್ದಾಗಿತ್ತು.

ಅವುಗಳಲ್ಲಿ ಮೊದಲನೆಯದು ಬಾದಾಮಿಯದು. ಭಾನುವಾರ ರೈಲಿನಲ್ಲಿ ಹೋಗಿ, ನಿಲ್ದಾಣದಿಂದ ಟಾಂಗಾದಲ್ಲಿ ಊರು ಸೇರಿ, ಮೊದಲನೆಯ ಗುಹೆಯ ಪಕ್ಕದ ಬಂಡೆಯಲ್ಲಿರುವ ಹದಿನೆಂಟು ಕೈಗಳ ನಟರಾಜನ ಮುಂದೆ ಅವರು ಕುಳಿತುಕೊಳ್ಳುತ್ತಿದ್ದರು. ಒಂದು ಭಾನುವಾರಕ್ಕೆ ಒಂದೇ ಕೈ. ಹದಿನೆಂಟು ಕೈಗೆ ಹದಿನೆಂಟು ಭಾನುವಾರ; ಹತ್ತೊಂಬತ್ತನೆಯ ವಾರ ಇಡೀ ಮೂರ್ತಿ. ನಡುವೆ ಒಂದು ಪುಟದಲ್ಲಿ ಗೆರೆಯೇ ಇಲ್ಲ; ತಾರೀಖಿನ ಕೆಳಗೆ “ಮಳೆ. ತೆಗೆಯಲಾಗಲಿಲ್ಲ. ನೋಡಿದೆ” ಎಂದಷ್ಟೇ ಬರೆದಿದ್ದಾರೆ.

ಕೈಯಿಂದ ತೆಗೆದಿಟ್ಟದ್ದರ ಬೆಲೆಯನ್ನು ಬಾದಾಮಿಯಲ್ಲಿಯೇ ಕಾಣಬಹುದು. ಮಂಗಲೇಶನ 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಚಾಲುಕ್ಯರ ಕಾಲದ ವರ್ಣಚಿತ್ರಗಳಿದ್ದವು. ಇಂದು ಅಲ್ಲಿ ತಲೆಯೆತ್ತಿ ನೋಡಿದರೆ ಕಾಣುವುದು ಮಸುಕಾದ ಬಣ್ಣದ ತುಣುಕುಗಳು. ಮುಂಬಯಿಯ ಜೆ.ಜೆ. ಕಲಾಶಾಲೆಯ ಅಧ್ಯಾಪಕರಾಗಿದ್ದ ಜೆ.ಎಂ. ಅಹಿವಾಸಿಯವರು ಅವುಗಳ ಪ್ರತಿಗಳನ್ನು ಕೈಯಿಂದ ಮಾಡಿಟ್ಟಿದ್ದರಿಂದ ಆ ಮುಖಗಳು, ಆ ಭಂಗಿಗಳು ನಮಗೆ ಉಳಿದಿವೆ. ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ ಅನೇಕರ ಕೈ ತಿದ್ದಿದ ಆರ್.ಎಂ. ಹಡಪದರೂ ಇದೇ ಬಾದಾಮಿಯ ಮಣ್ಣಿನವರು.

ಇನ್ನೂ ಹಿಂದಿನ ವಹಿಯೂ ನಮ್ಮ ನಾಡಿನಲ್ಲಿದೆ, ಅದು ಕಲ್ಲಿನದು. ಪಟ್ಟದಕಲ್ಲಿನ ಸಮೀಪ, ಗುಡಿಗಳಿಗೆ ಕಲ್ಲು ಕಡಿದ ಹಳೆಯ ಕಣಿಯ ಶಂಕರಲಿಂಗನ ಗುಂಡಿನ ಬಂಡೆಗಳ ಮೇಲೆ ಚಾಲುಕ್ಯರ ಕಾಲದ ಕಲ್ಲುಕುಟಿಗರು ಉಳಿಯಿಂದ ಗೀಚಿದ ದೇವತೆಗಳ ರೇಖಾಚಿತ್ರಗಳಿವೆ, ಜೊತೆಗೆ ಅವರ ಹೆಸರುಗಳೂ ಇವೆ. ರಾಜ ಹೇಳಿ ಮಾಡಿಸಿದ ಮೂರ್ತಿಗಳಲ್ಲ. ಯಾವ ಗುಡಿಯ ಗೋಡೆಯನ್ನೂ ಏರಿದವಲ್ಲ. ಕೈ ಮರೆಯದಿರಲೆಂದು, ಬಿಡುವಿನ ಹೊತ್ತಿನಲ್ಲಿ ಎಳೆದ ಗೆರೆಗಳಂತೆಯೇ ತೋರುತ್ತವೆ. ವಿರೂಪಾಕ್ಷನ ಗುಡಿಯನ್ನು ಕಟ್ಟಿದ ನಾಡಿನ ಕೈಗಳು ಇಂಥ ಬಂಡೆಯ ಮೇಲೂ ದುಡಿದವು ಎಂಬುದನ್ನು ತಿಳಿದಾಗ, ತಂದೆಯವರು ಮುಂಜಾನೆಯ ಪುಟವನ್ನು ಏಕೆ ತಪ್ಪಿಸುತ್ತಿರಲಿಲ್ಲ ಎಂಬುದು ನನಗೆ ಅರ್ಥವಾಯಿತು.

ಶಿಷ್ಯರು ತಂದ ಎರಡನೆಯ ವಹಿ ಕೂಡಲಸಂಗಮದ್ದು, 1973ರದು. ಇಂದು ನಾವು ಬಸವಣ್ಣನವರ ಐಕ್ಯಸ್ಥಳವನ್ನು ಕಾಣಲು ಸೇತುವೆಯ ಮೇಲೆ ನಡೆದು, ನೀರಿನ ನಡುವೆ ಬಾವಿಯಂತೆ ಕಟ್ಟಿದ ದುಂಡನೆಯ ಗೋಡೆಯೊಳಗೆ ಮೆಟ್ಟಿಲಿಳಿದು ಹೋಗುತ್ತೇವೆ. ಆ ವಹಿಯಲ್ಲಿ ಗೋಡೆಯಿಲ್ಲ, ಸೇತುವೆಯಿಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ದಂಡೆಯಲ್ಲಿ ಮಂಟಪವೊಂದೇ ನಿಂತಿದೆ. ಮರಳಿನ ಮೇಲೆ ಎತ್ತು ಬಿಚ್ಚಿದ ಬಂಡಿ, ಬುತ್ತಿ ಬಿಚ್ಚಿದ ಒಂದು ಕುಟುಂಬ. ಅವ್ವ ಆ ಪುಟವನ್ನು ಕಣ್ಣಿಗೊತ್ತಿಕೊಂಡು, “ಈ ಬಂಡಿ ನಮ್ಮದೋ. ಆ ಕೂಸು ನೀನು” ಎಂದಳು. 2011ರಲ್ಲಿ ಅವಳೂ ಲಿಂಗೈಕ್ಯಳಾದಳು.

ವಾರಸುದಾರರ ಈ ಮರೆವು ನಮ್ಮ ನಾಡಿನದಷ್ಟೇ ಅಲ್ಲ. ಇಟಲಿಯ ಲಿಯೊನಾರ್ಡೊ ದ ವಿಂಚಿ 1519ರಲ್ಲಿ ತೀರಿಕೊಂಡಾಗ ತನ್ನ ವಹಿಗಳನ್ನು ಮೆಲ್ಜಿ ಎಂಬ ಶಿಷ್ಯನಿಗೆ ಒಪ್ಪಿಸಿದ. ಶಿಷ್ಯ ಅವುಗಳನ್ನು ಬದುಕಿರುವವರೆಗೂ ಜೋಪಾನ ಮಾಡಿದ. ಅವನ ತರುವಾಯ ಅವನ ಮಗ ಅವುಗಳನ್ನು ಅಟ್ಟಕ್ಕೆ ಹಾಕಿದ. ಕೇಳಿದವರ ಕೈ ಸೇರಿ ಚೆದುರಿಹೋದವು. ಉಳಿದಿರುವ ಸುಮಾರು 7,000 ಪುಟಗಳನ್ನು ಇಂದು ಲೋಕವೇ ಕಾಯುತ್ತಿದೆ. ಅಷ್ಟು ದೊಡ್ಡವನಿಗೂ ಅಟ್ಟ ತಪ್ಪಲಿಲ್ಲ. ಇದನ್ನು ಓದಿದಾಗ ನನಗೆ ಸಮಾಧಾನವಾಗಲಿಲ್ಲ. ಅಟ್ಟಕ್ಕೆ ಹಾಕಿದ ಆ ಮಗನಲ್ಲಿ ನನ್ನನ್ನೇ ಕಂಡೆ.

ಪ್ರಿಯ ಬಂಧುಗಳೇ, ನಿಮ್ಮ ಮನೆಯಲ್ಲಿ ಹಿರಿಯರ ಇಂಥ ವಹಿಯಿದ್ದರೆ—ಚಿತ್ರದ್ದಿರಲಿ, ಕಸೂತಿಯ ನಮೂನೆಯಿರಲಿ, ರಂಗೋಲಿಯ ಚುಕ್ಕಿಯ ಲೆಕ್ಕವಿರಲಿ—ಮಾರುವ ಮುನ್ನ ಒಂದು ಸಲ ಪುಟ ತಿರುವಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಡಿರಿ, ಬೆವರು ಹಿಡಿಯುತ್ತದೆ. ಹಿರಿಯರು ಓಲೆಗರಿಯ ಕಟ್ಟನ್ನು ಇಡುತ್ತಿದ್ದಂತೆ ಒಗೆದ ಅರಿವೆಯಲ್ಲಿ ಸುತ್ತಿರಿ. ಪೆನ್ಸಿಲ್ಲಿನ ಪುಟಗಳು ಒಂದಕ್ಕೊಂದು ಉಜ್ಜದಂತೆ ನಡುವೆ ತೆಳುವಾದ ಕಾಗದವಿಡಿರಿ. ನೆಲಕ್ಕೂ ಗೋಡೆಗೂ ತಾಗದಂತೆ ಇಟ್ಟು, ವರ್ಷಕ್ಕೊಮ್ಮೆ ಶ್ರಾವಣ ಮುಗಿದ ಮೇಲೆ ತೆರೆದು ನೆರಳಿನಲ್ಲಿ ಗಾಳಿಯಾಡಿಸಿರಿ. ಹಾಗೆ ತೆರೆದಾಗ ಮಕ್ಕಳನ್ನು ಪಕ್ಕದಲ್ಲಿ ಕೂಡ್ರಿಸಿಕೊಳ್ಳಿರಿ.

ನನ್ನ ಮೊಮ್ಮಗಳಿಗೆ ಈಗ ಒಂಬತ್ತು ವರ್ಷ. ಕಳೆದ ಬಸವ ಜಯಂತಿಯಂದು ಅವಳಿಗೆ ಅಂಗೈಯಗಲದ ವಹಿಯೊಂದನ್ನು ನಾನೇ ಹೊಲಿದುಕೊಟ್ಟೆ; ಹೊಲಿಗೆ ಸೊಟ್ಟಗಾಯಿತು. ಮೊದಲ ಪುಟದಲ್ಲಿ ಅವಳು ನನ್ನ ಚಸಮ ತೆಗೆದಳು. ಒಂದು ಗೆರೆ ತಪ್ಪಿದಾಗ, “ಅಜ್ಜಾ, ರಬ್ಬರ್ ಎಲ್ಲೈತಿ?” ಎಂದಳು. ಇಲ್ಲವೆಂದು, ಮುತ್ತಜ್ಜನ ಮಾತನ್ನು ಅವಳಿಗೆ ಹೇಳಿದೆ. ತಪ್ಪಿದ ಗೆರೆಯ ಪಕ್ಕ ಅವಳು ಇನ್ನೊಂದು ಗೆರೆ ಎಳೆದು, ಕೆಳಗೆ ತಾರೀಖು ಹಾಕಿ, ಬಾಗಲಕೋಟೆ ಎಂದು ಬರೆದಳು.